ಪ್ರೇರಿ ಹುಲ್ಲಿಗೆ ಎಷ್ಟು ಗೊಬ್ಬರ ಹಾಕ್ಬೇಕು ಅಂತ ಕೇಳೋರಿಗೆ

ಏಪ್ರಿಲ್ ಬಂತು ಅಂದ್ರೆ ಸಾಕು, ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ: "ಬ್ಯಾಕ್‌ಯಾರ್ಡಲ್ಲಿ ಲಾನ್ ಕಿತ್ತು ಪ್ರೇರಿ ಹುಲ್ಲು ಹಾಕ್ತಿದೀವಿ, ಯಾವ ಗೊಬ್ಬರ ಹಾಕೋದು, ಎಷ್ಟು ಹಾಕೋದು?" ಪ್ರೇರಿ ಅಂದ್ರೆ ಅಮೆರಿಕದ ನಡುಭಾಗದ ಸ್ವಾಭಾವಿಕ ಹುಲ್ಲುಗಾವಲು. ನನ್ನ ಉತ್ತರ ಯಾವಾಗಲೂ ಒಂದೇ, ಸೊನ್ನೆ. ಕೇಳಿದೋರು ನಂಬಲ್ಲ. ಮೂರು ತಲೆಮಾರು ಹೊಲ ಉತ್ತ ಮನೆಯಿಂದ ಬಂದ ನಮಗೆ ಗೊಬ್ಬರ ಇಲ್ಲದೆ ಏನೋ ಬೆಳೆಯತ್ತೆ ಅಂದ್ರೆ ಒಪ್ಪೋದು ಕಷ್ಟಾನೇ, ಕೊಟ್ಟಿಗೆ ಗೊಬ್ಬರ ಇಲ್ಲಾಂದ್ರೆ ಬೆಳೆ ಇಲ್ಲ ಅಂತ ಕೇಳಿಕೊಂಡೇ ಬೆಳೆದೋರು ನಾವು. ಆದ್ರೆ ಇದು ಬೆಳೆ ಅಲ್ಲ. ಅದಕ್ಕೇ ಒಂದ್ಸಲ ಪೂರ್ತಿ ಬರೆದುಬಿಡ್ತೀನಿ, ಮುಂದೆ ಕೇಳಿದೋರಿಗೆ ಇದನ್ನೇ ಕಳಿಸಬಹುದು.

ಇದು ಇಲಿನಾಯ್, ಅಯೋವಾ, ವಿಸ್ಕಾನ್ಸಿನ್, ಮಿನೆಸೋಟ, ಕಾನ್ಸಸ್ ಕಡೆ ಮನೆ ಮಾಡಿಕೊಂಡಿರೋ ನಮ್ಮೋರಿಗೆ. ಊರಲ್ಲಿ ಕೂತು ಓದ್ತಿರೋರು ದಯವಿಟ್ಟು ಈ ಬೀಜ ತರಿಸಿ ಅಲ್ಲಿ ಬಿತ್ತಬೇಡಿ, ಕರ್ನಾಟಕಕ್ಕೆ ಅದರದ್ದೇ ಹುಲ್ಲುಗಾವಲು ಇವೆ, ರಾಣೆಬೆನ್ನೂರಲ್ಲಿ ಕೃಷ್ಣಮೃಗ ಮೇಯೋದು ಅಂಥದ್ರಲ್ಲೇ.

ಮೊದಲು ಯಾಕೆ ಅಂತ ತಿಳ್ಕೊಳ್ಳಿ

ಇಲ್ಲಿನ ಉದ್ದ ಹುಲ್ಲಿನ ಪ್ರೇರಿಯ ಮುಖ್ಯ ಹುಲ್ಲುಗಳು ಬಿಗ್ ಬ್ಲೂಸ್ಟೆಮ್, ಲಿಟಲ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್. ಇವನ್ನ ಸಿ-4 ಹುಲ್ಲು ಅಂತಾರೆ, ಅಂದ್ರೆ ಬಿಸಿಲು, ಸೆಕೆ ಇದ್ದಾಗ ಚೆನ್ನಾಗಿ ಬೆಳೆಯೋ, ಸ್ವಲ್ಪವೇ ಸಾರಜನಕದಲ್ಲಿ ಜಾಸ್ತಿ ಕೆಲಸ ಮಾಡೋ ಜಾತಿ. ನಮ್ಮ ರಾಗಿ, ಜೋಳ, ಕಬ್ಬು ಎಲ್ಲಾ ಇದೇ ಗುಂಪು. ಲಾನಿನ ಕೆಂಟಕಿ ಬ್ಲೂಗ್ರಾಸ್ ಸಿ-3, ಅದು ಮಾರ್ಚ್-ಏಪ್ರಿಲಿನ ತಂಪಲ್ಲೇ ಎದ್ದು ಹಸಿರಾಗತ್ತೆ. ಪ್ರೇರಿ ಹುಲ್ಲು ಕಣ್ಣು ಬಿಡೋದೇ ಮೇ ತಿಂಗಳಲ್ಲಿ. ಈಗ ನೀವು ಏಪ್ರಿಲಲ್ಲಿ ಗೊಬ್ಬರ ಚೆಲ್ಲಿದ್ರೆ ತಿನ್ನೋದು ಯಾರು? ಎದ್ದಿರೋರು ತಿಂತಾರೆ, ಮಲಗಿರೋರಿಗೆ ಏನೂ ಉಳಿಯಲ್ಲ.

ಎರಡನೇದು ಬೇರು. ಬಿಗ್ ಬ್ಲೂಸ್ಟೆಮ್ ಬೇರು ಒಳ್ಳೆ ಮಣ್ಣಲ್ಲಿ 7-8 ಅಡಿ ಆಳಕ್ಕೂ ಹೋಗತ್ತೆ. ಜೊತೆಗೆ ಮೈಕೊರೈಝಾ ಅಂತ ಇರತ್ತೆ, ಬೇರಿಗೆ ಅಂಟಿಕೊಂಡು ಬದುಕೋ ಶಿಲೀಂಧ್ರ, ಅದು ದಾರದಂಥ ಎಳೆಗಳನ್ನ ಮಣ್ಣಲ್ಲೆಲ್ಲಾ ಹರಡಿ ರಂಜಕ ಎಳೆದು ತಂದು ಹುಲ್ಲಿಗೆ ಕೊಡತ್ತೆ, ಹುಲ್ಲು ಅದಕ್ಕೆ ಸಕ್ಕರೆ ಕೊಡತ್ತೆ. ಮಣ್ಣಲ್ಲಿ ರಂಜಕ ಕಡಿಮೆ ಇದ್ದಾಗ ಈ ಕೊಡುಕೊಳ್ಳುವಿಕೆಯಿಂದ ಬ್ಲೂಸ್ಟೆಮ್‌ಗೆ ಭಾರೀ ಲಾಭ. ರಂಜಕ ಸುರಿದ್ರೆ ಆ ಲಾಭ ಹೋಗತ್ತೆ, ಶಿಲೀಂಧ್ರ ಸಾಕೋ ಖರ್ಚು ಮಾತ್ರ ಉಳಿಯತ್ತೆ.

"ಪ್ರೇರಿ ಮಣ್ಣು ಜಗತ್ತಲ್ಲೇ ಫಲವತ್ತು ಅಂತಾರಲ್ಲ, ಮತ್ತೆ ಹುಲ್ಲಿಗೆ ಫಲವತ್ತತೆ ಬೇಡ ಅಂದ್ರೆ ಹೇಗೆ?" ಅಂತ ಕೇಳ್ತಾರೆ. ಒಳ್ಳೆ ಪ್ರಶ್ನೆ. ಆ ಕಪ್ಪು ಮಣ್ಣನ್ನ ಮಾಡಿದ್ದೇ ಈ ಹುಲ್ಲು, ಸಾವಿರಾರು ವರ್ಷ ಬೇರು ಸತ್ತು ಕೊಳೆತು ಸೇರಿ ಆಗಿದ್ದು. ಸಾರಜನಕ ಅದರಲ್ಲಿ ಬೇಕಾದಷ್ಟಿದೆ, ಆದ್ರೆ ಸಾವಯವ ಪದಾರ್ಥದ ಒಳಗೆ ಬೀಗ ಹಾಕಿ ಕೂತಿದೆ. ಬ್ಯಾಂಕಲ್ಲಿ ದೊಡ್ಡ ಎಫ್‌ಡಿ ಇದೆ, ಜೇಬಲ್ಲಿ ಚಿಲ್ಲರೆ ಇಲ್ಲ, ಹಂಗೆ. ಗಿಡ ತಕ್ಷಣ ಹೀರೋ ನೈಟ್ರೇಟ್ ತುಂಬಾ ಕಡಿಮೆ, ಆ ಬರದಲ್ಲಿ ಬದುಕೋದ್ರಲ್ಲಿ ಬ್ಲೂಸ್ಟೆಮ್ ನಿಪುಣ. 1837ರಲ್ಲಿ ಜಾನ್ ಡೀರ್ ಇಲಿನಾಯ್‌ನ ಗ್ರ್ಯಾಂಡ್ ಡಿಟೂರಲ್ಲಿ ಉಕ್ಕಿನ ನೇಗಿಲು ಮಾಡಿದ ಮೇಲೆ ರೈತರು ಆ ಎಫ್‌ಡಿ ಮುರಿದ್ರು, ಒಳಗಿದ್ದ ಸಾರಜನಕ ಹೊರಗೆ ಬಂತು, ಮೆಕ್ಕೆಜೋಳ ಹುಲುಸಾಗಿ ಬಂತು, ಪ್ರೇರಿ ಹೋಯ್ತು. (ನಮ್ಮ ಎರೆ ಮಣ್ಣೂ ಕಪ್ಪೇ, ಆದ್ರೆ ಅದರ ಬಣ್ಣ ಬೇರೆ ಲೆಕ್ಕ, ಅದರಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ಕಮ್ಮಿ ಇರತ್ತೆ. ಬಣ್ಣ ನೋಡಿ ಮಣ್ಣಿನ ಯೋಗ್ಯತೆ ಹೇಳೋಕಾಗಲ್ಲ.)

ಗೊಬ್ಬರ ಹಾಕಿದ್ರೆ ಏನಾಗತ್ತೆ ಅನ್ನೋದಕ್ಕೆ ದೊಡ್ಡ ಪ್ರಯೋಗಾನೇ ಆಗಿದೆ. ಮಿನೆಸೋಟದ ಸೀಡರ್ ಕ್ರೀಕ್ ಸಂಶೋಧನಾ ಕೇಂದ್ರದಲ್ಲಿ 1982ರಿಂದ ಪರಿಸರ ವಿಜ್ಞಾನಿ ಡೇವಿಡ್ ಟಿಲ್ಮನ್ ತಂಡ ಹುಲ್ಲುಗಾವಲಿನ ತುಂಡುಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಸಾರಜನಕ ಹಾಕಿ ನೋಡ್ತು. ಜಾಸ್ತಿ ಹಾಕಿದ ಕಡೆ ಲಿಟಲ್ ಬ್ಲೂಸ್ಟೆಮ್ ಸರಿದು ಕ್ವಾಕ್ ಗ್ರಾಸ್ ಅನ್ನೋ ಹೊರಗಿಂದ ಬಂದ ಹುಲ್ಲು ಆಕ್ರಮಿಸಿಕೊಂಡ್ತು, ಒಟ್ಟು ಗಿಡಗಳ ಬಗೆ ಕಡಿಮೆ ಆಯ್ತು. ಕೆಲವು ಕಡೆ ಗೊಬ್ಬರ ನಿಲ್ಲಿಸಿ 20 ವರ್ಷ ಆದಮೇಲೂ ಹೋದ ಗಿಡಗಳು ಸರಿಯಾಗಿ ವಾಪಸ್ ಬರಲಿಲ್ಲ. ಒಂದು ಚೀಲ ಚೆಲ್ಲೋಕೆ ಹತ್ತು ನಿಮಿಷ ಸಾಕು, ಅದರ ಫಲ ಎಷ್ಟು ವರ್ಷ ಅಂತ ನೋಡಿ.

ಏನೇನು ಬೇಕು: ಮಣ್ಣಿನ ಸ್ಯಾಂಪಲ್ ತೆಗೆಯೋಕೆ ಸಣ್ಣ ಸಲಿಕೆ, ಪ್ಲಾಸ್ಟಿಕ್ ಬಕೆಟ್, ಬೀಜ, ಒಂದಿಷ್ಟು ಮರಳು, ಎತ್ತರಕ್ಕೆ ಕತ್ತರಿಸೋ ಮೋವರ್ ಅಥವಾ ಸ್ಟ್ರಿಂಗ್ ಟ್ರಿಮ್ಮರ್, ಮತ್ತೆ ಮೂರು ವರ್ಷ ತಾಳ್ಮೆ.

1. ಜಾಗದ ಪೂರ್ವಾಪರ ವಿಚಾರಿಸಿ

ಹಳೇ ಲಾನಾ? ಲಾನ್ ಕಂಪನಿಯೋರು ಬಂದು ಗೊಬ್ಬರ ಹಾಕ್ತಿದ್ರಾ? ಹಾಗಿದ್ರೆ ಒಂದೊಂದು ಸಲಕ್ಕೆ 1000 ಚದರಡಿಗೆ ಸುಮಾರು 1 ಪೌಂಡ್ ಸಾರಜನಕ ಬಿದ್ದಿರತ್ತೆ, ವರ್ಷಕ್ಕೆ ಮೂರು-ನಾಲ್ಕು ಸಲ. ತರಕಾರಿ ಮಡಿ ಇದ್ದ ಜಾಗ ಆದ್ರೆ ಅದಕ್ಕಿಂತ ಜಾಸ್ತಿ. ಮೆಕ್ಕೆಜೋಳ, ಸೋಯಾ ಬೆಳೀತಿದ್ದ ಹೊಲ ಆದ್ರೆ ರಂಜಕ ತುಂಬಿರತ್ತೆ, ಸಾರಜನಕ ಮಳೆನೀರಲ್ಲಿ ಇಳಿದು ಹೋಗತ್ತೆ ಆದ್ರೆ ರಂಜಕ ಮಣ್ಣಿಗೆ ಅಂಟಿಕೊಂಡು ಎಷ್ಟೋ ವರ್ಷ ಇರತ್ತೆ. ಹೊಸ ಬಡಾವಣೆ ಆದ್ರೆ ಬಿಲ್ಡರ್ ಮೇಲ್ಮಣ್ಣು ಕೆರೆದು ಜೇಡಿ ಮೇಲೆ ಬುಲ್ಡೋಜರ್ ಓಡಿಸಿರ್ತಾನೆ. ಇಂಥ ಬಡ ಮಣ್ಣು ಅಂದ್ರೆ ಜನ ಅಳ್ತಾರೆ, ನಾನು ಖುಷಿ ಪಡ್ತೀನಿ, ಕಳೆ ಕಡಿಮೆ. ಗಟ್ಟಿಯಾಗಿರೋದು ಮಾತ್ರ ಸಮಸ್ಯೆ, ಅದನ್ನ ಸಡಿಲ ಮಾಡ್ಬೇಕು.

ಇನ್ನೊಂದು, ಕ್ರ್ಯಾಬ್‌ಗ್ರಾಸ್ ಅನ್ನೋ ಕಳೆ ಹುಲ್ಲಿನ ಮೊಳಕೆ ತಡೆಯೋ ಔಷಧಿ ಇತ್ತೀಚೆಗೆ ಹಾಕಿದ್ರಾ ಅಂತ ಕೇಳಿ. ಅದು ಯಾವ ಹುಲ್ಲು ಅಂತ ನೋಡಲ್ಲ, ನೀವು ದುಡ್ಡು ಕೊಟ್ಟು ತಂದ ಬೀಜವನ್ನೂ ಮೊಳೆಯೋಕೆ ಬಿಡಲ್ಲ. ಹಾಕಿದ್ರೆ ಆ ವಸಂತದಲ್ಲಿ ಬಿತ್ತನೆ ಬೇಡ, ಲೇಬಲಲ್ಲಿ ಎಷ್ಟು ತಿಂಗಳು ಕಾಯಬೇಕು ಅಂತ ಇರತ್ತೆ.

2. ಮಣ್ಣು ಪರೀಕ್ಷೆ ಮಾಡಿಸಿ

ಹೌದು, ಗೊಬ್ಬರ ಹಾಕಲ್ಲ ಅಂದ್ರೂ ಪರೀಕ್ಷೆ ಬೇಕು. ಇಲ್ಲಿ ಪರೀಕ್ಷೆ ಮಾಡಿಸೋದು ಏನು ಕಮ್ಮಿ ಇದೆ ಅಂತ ನೋಡೋಕಲ್ಲ, ಏನು ಜಾಸ್ತಿ ಇದೆ ಅಂತ ನೋಡೋಕೆ. ಜಾಗದ ತುಂಬಾ ಅಲ್ಲಲ್ಲಿ 10-15 ಕಡೆ 6 ಇಂಚು ಆಳದ ಮಣ್ಣು ತೆಗೆದು ಬಕೆಟಲ್ಲಿ ಕಲೆಸಿ, ಅದರಿಂದ ಎರಡು ಲೋಟದಷ್ಟು ಲ್ಯಾಬಿಗೆ ಕಳಿಸಿ. ನಿಮ್ಮ ಕೌಂಟಿ ಎಕ್ಸ್‌ಟೆನ್ಶನ್ ಆಫೀಸಲ್ಲಿ, ಅಂದ್ರೆ ವಿಶ್ವವಿದ್ಯಾಲಯದವರು ಜನರಿಗೆ ಕೃಷಿ ಸಲಹೆ ಕೊಡೋ ಕಚೇರಿಯಲ್ಲಿ, ಯಾವ ಲ್ಯಾಬ್ ಅಂತ ಹೇಳ್ತಾರೆ. ಬಿಸಿಲು ಬೀಳೋ ಜಾಗ, ಇಳಿಜಾರಿನ ತಗ್ಗು ಬೇರೆ ಬೇರೆ ಥರ ಇದ್ರೆ ಬೇರೆ ಬೇರೆ ಸ್ಯಾಂಪಲ್. ತುಕ್ಕು ಹಿಡಿದ ತಗಡಿನ ಬಕೆಟ್, ಗೊಬ್ಬರ ಇಟ್ಟಿದ್ದ ಡಬ್ಬ ಬಳಸಬೇಡಿ.

3. ರಿಪೋರ್ಟ್ ಓದೋದು (ಹೆಚ್ಚು ಜನ ಎಡವೋದು ಇಲ್ಲೇ)

ರಿಪೋರ್ಟಿನ ಕೆಳಗಡೆ "ಇಷ್ಟಿಷ್ಟು ಗೊಬ್ಬರ ಹಾಕಿ" ಅಂತ ಶಿಫಾರಸು ಇರತ್ತೆ. ಅದು ಲಾನಿಗೋ ಮೆಕ್ಕೆಜೋಳಕ್ಕೋ ಹಾಕಿದ ಲೆಕ್ಕ. ಅದನ್ನ ಬಿಟ್ಟು ಮೇಲಿನ ಅಂಕಿ ಮಾತ್ರ ನೋಡಿ.

ಸಾವಯವ ಅಂಶ ಶೇಕಡಾ ಎಷ್ಟು ಅಂತ ಮೊದಲು ನೋಡಿ. ರೈತರು ಬಳಸೋ ಅಂದಾಜಿನ ಲೆಕ್ಕ ಏನಂದ್ರೆ ಪ್ರತಿ 1 ಶೇಕಡಾಕ್ಕೆ ವರ್ಷಕ್ಕೆ ಎಕರೆಗೆ ಸುಮಾರು 20 ಪೌಂಡ್ ಸಾರಜನಕ ತಾನಾಗೇ ಬಿಡುಗಡೆ ಆಗತ್ತೆ. ನಿಮ್ಮದು 4 ಶೇಕಡಾ ಇದ್ರೆ ಎಕರೆಗೆ 80 ಪೌಂಡ್, 1000 ಚದರಡಿಗೆ ಹೆಚ್ಚುಕಮ್ಮಿ 1.8 ಪೌಂಡ್. ಅಂದ್ರೆ ನೀವು ಸುಮ್ಮನೆ ಕೂತಿದ್ರೂ ಮಣ್ಣು ಲಾನಿಗೆ ಎರಡು ಸಲ ಗೊಬ್ಬರ ಹಾಕಿದಷ್ಟು ಕೊಡ್ತಾನೇ ಇದೆ, ಅದರ ಮೇಲೆ ಮತ್ತೆ ಸುರಿಯೋದು ಯಾರಿಗೆ?

ರಂಜಕ ಮೆಕ್ಕೆಜೋಳಕ್ಕೆ "ಕಡಿಮೆ" ಅಂತ ಬಂದಿದ್ರೆ ನಿಮ್ಮ ಅದೃಷ್ಟ. "ತುಂಬಾ ಜಾಸ್ತಿ" ಅಂತ ಬಂದ್ರೆ ಬೇಗ ಇಳಿಸೋಕೆ ಆಗಲ್ಲ, ಅದಕ್ಕೆ ತಕ್ಕ ಹುಲ್ಲು ಆರಿಸ್ಕೊಳ್ಳಿ, 6ನೇ ಹಂತ ನೋಡಿ. ಪಿಎಚ್, ಅಂದ್ರೆ ಮಣ್ಣು ಹುಳಿನಾ ಕ್ಷಾರನಾ ಅನ್ನೋ ಅಳತೆ, 5.5ರಿಂದ 7.5ರ ಒಳಗಿದ್ರೆ ಮುಟ್ಟಲೇಬೇಡಿ. ಸುಣ್ಣ ಬೇಕಿಲ್ಲ. ಪೊಟ್ಯಾಶ್ ಬಗ್ಗೆ ತಲೆ ಕೆಡಿಸಿಕೊಳ್ಳೋ ಅಗತ್ಯ ಇಲ್ಲ.

4. ಇರೋ ಲಾನ್ ಸಾಯಿಸಿ, ಮಣ್ಣು ಕೆದಕದೇ

ಟಿಲ್ಲರ್ ಬಾಡಿಗೆಗೆ ತಂದು ಲಾನನ್ನ ಮಣ್ಣೊಳಗೆ ಮಗುಚಿ ಹಾಕಿದ್ರೆ ಎರಡು ತೊಂದರೆ. ಮಣ್ಣಿಗೆ ಗಾಳಿ ಸಿಕ್ಕಿ ಸಾವಯವ ಪದಾರ್ಥ ಬೇಗ ಕೊಳೆತು ಸಾರಜನಕ ಒಮ್ಮೆಲೇ ಹೊರಗೆ ಬರತ್ತೆ, ಮತ್ತೆ ವರ್ಷಾನುಗಟ್ಲೆ ಒಳಗೆ ಮಲಗಿದ್ದ ಕಳೆ ಬೀಜ ಮೇಲೆ ಬರತ್ತೆ. ಊಟಾನೂ ಬಡಿಸಿದ್ರಿ, ನೆಂಟರನ್ನೂ ಕರೆದ್ರಿ.

ಸಣ್ಣ ಜಾಗಕ್ಕೆ ನನ್ನ ಮೆಚ್ಚಿನ ದಾರಿ ಸಾಡ್ ಕಟ್ಟರ್, ಲಾನನ್ನ ಬೇರು ಸಮೇತ ಚಾಪೆ ಥರ ಸುಲಿಯೋ ಯಂತ್ರ, ದಿನದ ಬಾಡಿಗೆಗೆ ಸಿಗತ್ತೆ. ಗೊಬ್ಬರ ತಿಂದು ಕೊಬ್ಬಿದ ಮೇಲಿನ ಒಂದೆರಡು ಇಂಚು ಅದರ ಜೊತೆಗೇ ಹೊರಗೆ ಹೋಗತ್ತೆ. ದೊಡ್ಡ ಜಾಗಕ್ಕೆ ಗ್ಲೈಫೊಸೇಟ್ ಕಳೆನಾಶಕವನ್ನ ಬೆಳೆಯೋ ಕಾಲದಲ್ಲಿ ಎರಡು-ಮೂರು ಸಲ ಹೊಡೀತಾರೆ, ಲೇಬಲ್ ಓದಿ, ಕೈಗವಸು ಹಾಕ್ಕೊಳ್ಳಿ. ರಾಸಾಯನಿಕ ಬೇಡ ಅನ್ನೋರು ಒಂದು ಪೂರ್ತಿ ಬೇಸಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ.

ರಟ್ಟು ಹಾಸಿ ಅದರ ಮೇಲೆ ಕಾಂಪೋಸ್ಟ್ ಹರಡೋ ವಿಧಾನ ಎಲ್ಲಾ ಕಡೆ ಹೇಳ್ತಾರಲ್ಲ, ತರಕಾರಿಗೆ ಚೆನ್ನಾಗಿದೆ, ಇಲ್ಲಿ ಬೇಡ. ಮೊದಲನೇ ಸಲ ನಾನೂ ಒಂದು ಮೂಲೇಲಿ ಹಾಗೇ ಮಾಡಿದ್ದೆ. ಆ ಮೂಲೇಲಿ ಆಳೆತ್ತರ ಫಾಕ್ಸ್‌ಟೇಲ್ ಬಂತು, ನಮ್ಮ ನವಣೆಯ ಕುಲದ್ದೇ ಕಳೆ, ತೆನೆ ನೋಡಿದ್ರೆ ಗೊತ್ತಾಗತ್ತೆ. ಉಳಿದ ಬ್ಲೂಸ್ಟೆಮ್ ಆಗಸ್ಟಲ್ಲಿ ಒಂದು ಮಳೆಗೆ ಪೂರ್ತಿ ಮಲಗಿಬಿಡ್ತು. ಯೂರಿಯಾ ಜಾಸ್ತಿ ಆದ ಭತ್ತ ಮಲಗತ್ತಲ್ಲ, ಥೇಟ್ ಅದೇ.

5. ಮಣ್ಣು ತೀರಾ ಕೊಬ್ಬಿದ್ರೆ ಇಳಿಸೋದು

ಸಾವಯವ ಅಂಶ, ರಂಜಕ ಎರಡೂ ಜಾಸ್ತಿ ಇದ್ರೆ ಮಾತ್ರ ಈ ಹಂತ, ಇಲ್ಲಾಂದ್ರೆ ಮುಂದೆ ಹೋಗಿ. ಒಂದು ವರ್ಷ ಓಟ್ಸ್ ಬಿತ್ತಿ, ಗೊಬ್ಬರ ಇಲ್ಲದೆ. ಕಾಳು ಕಟ್ಟೋ ಮುಂಚೆ ಕತ್ತರಿಸಿ ಎಲ್ಲವನ್ನೂ ಜಾಗದಿಂದ ಹೊರಗೆ ಸಾಗಿಸಿ. ಅಲ್ಲೇ ಬಿಟ್ರೆ ತಗೊಂಡಿದ್ದನ್ನ ಮಣ್ಣಿಗೇ ವಾಪಸ್ ಕೊಡತ್ತೆ, ಕೆಲಸ ದಂಡ.

ಮರದ ಹೊಟ್ಟು ಬೆರೆಸೋದು ಇನ್ನೊಂದು ಉಪಾಯ. ಹೊಟ್ಟಲ್ಲಿ ಇಂಗಾಲ ರಾಶಿ, ಸಾರಜನಕ ಇಲ್ಲದಷ್ಟು ಕಮ್ಮಿ, ಅದನ್ನ ಜೀರ್ಣ ಮಾಡೋಕೆ ಹೊರಟ ಸೂಕ್ಷ್ಮಜೀವಿಗಳು ಮಣ್ಣಿನ ನೈಟ್ರೇಟನ್ನ ತಾವೇ ಹಿಡಿದಿಟ್ಟುಕೊಳ್ತವೆ. ಸಂಶೋಧಕರು ಇದೇ ಕಾರಣಕ್ಕೆ ಸಕ್ಕರೆ ಹಾಕೂ ನೋಡಿದಾರೆ. ಆದ್ರೆ ಇದು ತಾತ್ಕಾಲಿಕ, ಹೊಟ್ಟು ಕೊಳೆತ ಮೇಲೆ ಹಿಡಿದಿದ್ದು ಬಿಟ್ಟುಕೊಡತ್ತೆ, ಅಷ್ಟರಲ್ಲಿ ಹುಲ್ಲು ಬೇರು ಬಿಟ್ಟಿರಬೇಕು. ನನ್ನ ಪ್ರಕಾರ ಮನೆ ಹಿತ್ತಲಿಗೆ ಇಷ್ಟೆಲ್ಲಾ ರಗಳೆ ಬೇಡ, ಓಟ್ಸ್ ಸಾಕು.

6. ಮಣ್ಣಿಗೆ ತಕ್ಕ ಹುಲ್ಲು ಆರಿಸಿ

ಮರಳು, ಜಲ್ಲಿ, ಬಡ ಜೇಡಿ, ಒಣ ಜಾಗಕ್ಕೆ ಲಿಟಲ್ ಬ್ಲೂಸ್ಟೆಮ್, ಸೈಡ್ ಓಟ್ಸ್ ಗ್ರಾಮಾ, ಪ್ರೇರಿ ಡ್ರಾಪ್‌ಸೀಡ್. ಎಲ್ಲಾ ಎರಡು-ಮೂರು ಅಡಿ ಆಸುಪಾಸು, ಮನೆ ಮುಂದೆ ಹಾಕೋಕೂ ಚೆಂದ. ಲಿಟಲ್ ಬ್ಲೂಸ್ಟೆಮ್ ಬಡ ಮಣ್ಣಲ್ಲಿ ಸೆಟೆದು ನಿಂತು ಅಕ್ಟೋಬರಲ್ಲಿ ತಾಮ್ರದ ಬಣ್ಣಕ್ಕೆ ತಿರುಗತ್ತೆ, ಕೊಬ್ಬಿದ ಮಣ್ಣಲ್ಲಿ ಅದೇ ಹುಲ್ಲು ಸೊಂಟ ಮುರಿದು ಬಿದ್ದಿರತ್ತೆ.

ಫಲವತ್ತಾದ, ತೇವ ಇರೋ ಜಾಗಕ್ಕೆ ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಸ್ವಿಚ್ ಗ್ರಾಸ್, ಐದಾರು ಅಡಿ ಮೇಲೆ ಬೆಳೆಯೋವು. ಬಿಗ್ ಬ್ಲೂಸ್ಟೆಮ್ ತೆನೆ ಕೋಳಿ ಕಾಲಿನ ಥರ ಮೂರು ಕವಲು. ಇಲ್ಲೊಂದು ಎಚ್ಚರಿಕೆ: ಒಳ್ಳೆ ಮಣ್ಣಲ್ಲಿ ಈ ಎತ್ತರದವು, ಅದರಲ್ಲೂ ಸ್ವಿಚ್ ಗ್ರಾಸ್, ಕಳೆಯನ್ನೂ ಸೋಲಿಸ್ತವೆ ಜೊತೆಗೆ ನಿಮ್ಮ ಹೂವಿನ ಗಿಡಗಳನ್ನೂ ನೆರಳು ಮಾಡಿ ಕೊಲ್ತವೆ. ಅದಕ್ಕೆ ಮಣ್ಣು ಕೊಬ್ಬಿದ್ದಷ್ಟೂ ಎತ್ತರದ ಹುಲ್ಲಿನ ಬೀಜ ಕಡಿಮೆ ಹಾಕಿ, ಹೂವಿನ ಬೀಜ ಜಾಸ್ತಿ ಮಾಡಿ.

ದ್ವಿದಳ ಗಿಡಗಳು ಮರೀಬೇಡಿ, ಪರ್ಪಲ್ ಪ್ರೇರಿ ಕ್ಲೋವರ್, ಲೆಡ್‌ಪ್ಲಾಂಟ್ ಇಂಥವು. ನಾವು ರಾಗಿ ಜೊತೆ ಅವರೆ ಅಕ್ಕಡಿ ಹಾಕ್ತೀವಲ್ಲ ಹಾಗೆ, ಗಾಳಿಯ ಸಾರಜನಕ ಹಿಡಿದು ನಿಧಾನಕ್ಕೆ ಕೊಡ್ತವೆ. ಪ್ರೇರಿಗೆ ಬೇಕಾದ ವೇಗ ಅಷ್ಟೇ.

7. ಬಿತ್ತನೆ

ನವೆಂಬರಿಂದ ಫೆಬ್ರವರಿ ಒಳಗೆ ಹಿಮ ಇಲ್ಲದ ದಿನ, ಅಥವಾ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ. ಬೀಜ ಕೊಳ್ಳುವಾಗ ಪಿಎಲ್‌ಎಸ್ ಅಂತ ಕೇಳಿ, ಅಂದ್ರೆ ಚೀಲದಲ್ಲಿ ಹೊಟ್ಟು ಕಡ್ಡಿ ಬಿಟ್ಟು ಮೊಳೆಯೋ ತಾಕತ್ತಿರೋ ಬೀಜ ಎಷ್ಟು ಅನ್ನೋ ಲೆಕ್ಕ. ಶುದ್ಧತೆ 90 ಶೇಕಡಾ, ಮೊಳಕೆ 80 ಶೇಕಡಾ ಆದ್ರೆ ಪಿಎಲ್‌ಎಸ್ 72, ಒಂದು ಪೌಂಡ್ ನಿಜವಾದ ಬೀಜಕ್ಕೆ ಸುಮಾರು 1.4 ಪೌಂಡ್ ಚೀಲ ಬೇಕು.

ಚದರಡಿಗೆ ಸುಮಾರು 50 ಬೀಜ ಸಾಕು, ಅದರಲ್ಲಿ ಅರ್ಧ ಹುಲ್ಲು ಅರ್ಧ ಹೂವು. ಲಿಟಲ್ ಬ್ಲೂಸ್ಟೆಮ್ ಪೌಂಡಿಗೆ ಸುಮಾರು 2.4 ಲಕ್ಷ ಬೀಜ ಬರತ್ತೆ, ಹಾಗಾಗಿ 1000 ಚದರಡಿಗೆ 50 ಗ್ರಾಂ ಆಸುಪಾಸು ಅಷ್ಟೇ. ಜನ ಇದನ್ನ ನೋಡಿ ಇಷ್ಟೇನಾ ಅಂತ ನಾಲ್ಕರಷ್ಟು ಸುರೀತಾರೆ, ಆಮೇಲೆ ಹುಲ್ಲು ಬಿಟ್ರೆ ಬೇರೇನೂ ಇರಲ್ಲ. ಬೀಜ ಜುಂಗು ಜುಂಗು ಇರೋದ್ರಿಂದ ಒದ್ದೆ ಮರಳಲ್ಲಿ ಕಲೆಸಿ ಎರಚಿ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ. ಕಾಲು ಇಂಚಿಗಿಂತ ಆಳಕ್ಕೆ ಹೋಗಬಾರದು. ಆಮೇಲೆ ರೋಲರ್ ಎಳೀರಿ ಅಥವಾ ಮನೆಮಂದಿ ಎಲ್ಲಾ ಸೇರಿ ತುಳೀರಿ, ಮಕ್ಕಳಿಗೆ ಹೇಳಿಕೊಡ್ಬೇಕಾಗೇ ಇಲ್ಲ.

ಬಿತ್ತುವಾಗ "ಸ್ಟಾರ್ಟರ್ ಫರ್ಟಿಲೈಸರ್" ಅಂತ ಅಂಗಡೀಲಿ ಕೊಡೋಕೆ ಬರ್ತಾರೆ. ಬೇಡ ಅನ್ನಿ.

8. ಮೊದಲ ವರ್ಷ

ಏನೂ ಕಾಣಲ್ಲ. ಸಸಿ ಮೇಲೆ ಮೂರ್ನಾಲ್ಕು ಇಂಚು, ಎಲ್ಲಾ ಶಕ್ತಿ ಕೆಳಗೆ ಬೇರಿಗೆ. ಈ ಹೊತ್ತಲ್ಲೇ ಮನೆಯವರು "ಪಾಪ ಸೊರಗಿದೆ, ಒಂಚೂರು ಯೂರಿಯಾ ಹಾಕೋಣ" ಅಂತಾರೆ. ಕೈ ಕಟ್ಟಿ ಕೂತ್ಕೊಳ್ಳಿ. ಕಳೆ ಒಂದು ಅಡಿ ಆದಾಗೆಲ್ಲ ಆರು ಇಂಚಿಗೆ ಕತ್ತರಿಸಿ, ಕೆಳಗಿರೋ ಸಸಿಗೆ ಬ್ಲೇಡ್ ತಾಗಲ್ಲ, ಬಿಸಿಲು ಸಿಗತ್ತೆ. ಕತ್ತರಿಸಿದ್ದು ಜಾಸ್ತಿ ಇದ್ರೆ ಗುಡಿಸಿ ತೆಗೀರಿ. ಕಳೆಯನ್ನ ಬೇರು ಸಮೇತ ಕಿತ್ತರೆ ಪಕ್ಕದ ಸಸಿಯೂ ಬರತ್ತೆ, ಕತ್ತರಿ ಹಾಕಿ.

ಲಾನ್ ಕಂಪನಿಯೋರಿಗೆ ಬರೆದು ಹೇಳಿ, ಜಾಗಕ್ಕೆ ಬಾವುಟ ನೆಡಿ. ಅವರ ಗೊಬ್ಬರ ಎರಚೋ ಗಾಡಿ ಹತ್ತಡಿ ದೂರಕ್ಕೂ ಕಾಳು ಹಾರಿಸತ್ತೆ. ಇಳಿಜಾರು ಇದ್ರೆ ಪಕ್ಕದ ಮನೆ ಲಾನಿನ ನೀರು ಹರಿದು ಬರೋ ತಗ್ಗಲ್ಲಿ ಹಾಕೋದಕ್ಕಿಂತ ಮೇಲಿನ ದಿಬ್ಬದಲ್ಲಿ ಹಾಕೋದು ವಾಸಿ. ನಾಯಿ ದಿನಾ ಒಂದೇ ಕಡೆ ಉಚ್ಚೆ ಹೊಯ್ದ್ರೆ ಅದೂ ಸಾರಜನಕಾನೇ, ಅಲ್ಲಿ ಕಳೆ ಬಂದ್ರೆ ಆಶ್ಚರ್ಯ ಪಡ್ಬೇಡಿ.

9. ಮೂರನೇ ವರ್ಷದಿಂದ

ನಿಜವಾದ ಪ್ರೇರಿಗೆ ಬೆಂಕಿ ಬೀಳತ್ತೆ. ಬೆಂಕಿಯಲ್ಲಿ ಒಣಹುಲ್ಲಿನ ಸಾರಜನಕ ಗಾಳಿಗೆ ಹೋಗತ್ತೆ, ರಂಜಕ ಪೊಟ್ಯಾಶ್ ಹೆಚ್ಚಿನದು ಬೂದಿಯಲ್ಲಿ ಉಳಿಯತ್ತೆ. ಕಾನ್ಸಸ್‌ನ ಕೊಂಝಾ ಪ್ರೇರಿಯಲ್ಲಿ ದಶಕಗಳಿಂದ ಇದನ್ನೇ ಅಳೀತಿದಾರೆ, ಪದೇ ಪದೇ ಸುಟ್ಟ ಕಡೆ ಸಿಗೋ ಸಾರಜನಕ ಕಡಿಮೆ ಆಗಿ ಬಿಗ್ ಬ್ಲೂಸ್ಟೆಮ್ ಥರದ ಸಿ-4 ಹುಲ್ಲುಗಳೇ ಮೇಲುಗೈ ಆಗ್ತವೆ. ಶಿಕಾಗೋ ಕಡೆಯೋರು ಅರೋರಾ ಬಾಲಾಜಿ ದೇವಸ್ಥಾನಕ್ಕೆ ಹೋದಾಗ ಹಾಗೇ ಬಟೇವಿಯಾದ ಫರ್ಮಿಲ್ಯಾಬ್ ಅನ್ನೋ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಹೋಗಿ ನೋಡಿ, 1975ರಿಂದ ಬೆಳೆಸಿದ ಪ್ರೇರಿ ಇದೆ, ಕಾಡೆಮ್ಮೆ ಹಾಗಿರೋ ಬೈಸನ್ ಹಿಂಡೂ ಇದೆ. ಆಗಸ್ಟ್-ಸೆಪ್ಟೆಂಬರಲ್ಲಿ ಹೋದ್ರೆ ಹುಲ್ಲು ನಿಮಗಿಂತ ಎತ್ತರ.

ನೀವು ಮನೆ ಹಿಂದೆ ಬೆಂಕಿ ಹಚ್ಚಬೇಡಿ, ಅದಕ್ಕೆ ಪರ್ಮಿಟ್, ತರಬೇತಿ ಎಲ್ಲಾ ಬೇಕು. ಮಾರ್ಚ್ ಕೊನೇಲಿ ಒಣಹುಲ್ಲನ್ನ ಗಿಡ್ಡಕ್ಕೆ ಕತ್ತರಿಸಿ ಗುಡಿಸಿ ಹೊರಗೆ ಹಾಕಿ. ಅಲ್ಲೇ ಬಿಟ್ಟು ಮಲ್ಚ್ ಮಾಡಿದ್ರೆ ವರ್ಷ ವರ್ಷ ಮಣ್ಣು ಕೊಬ್ಬತ್ತೆ, ನೆಲಕ್ಕೆ ಬಿಸಿಲೂ ಬೀಳಲ್ಲ.

ಹುಲ್ಲು ಪ್ರತಿ ವರ್ಷ ಮಲಗ್ತಿದೆ, ಎಲೆ ಕಡು ಹಸಿರು, ಏಪ್ರಿಲಲ್ಲೇ ಬ್ಲೂಗ್ರಾಸ್ ದಟ್ಟವಾಗಿದೆ ಅಂದ್ರೆ ಎಲ್ಲಿಂದಲೋ ಗೊಬ್ಬರ ಬರ್ತಿದೆ ಅಂತ ಅರ್ಥ. ಮೇ ಮೊದಲ ವಾರದಲ್ಲಿ, ಬ್ಲೂಸ್ಟೆಮ್ ಏಳೋ ಮುಂಚೆ, ಒಮ್ಮೆ ಕತ್ತರಿಸಿ ತೆಗೆದು ಹಾಕಿ, ಎರಡು-ಮೂರು ವರ್ಷ ಹೀಗೇ ಮಾಡಿ.

ಗೊಬ್ಬರ ಹಾಕೋ ಸಂದರ್ಭಾನೇ ಇಲ್ವಾ? ಇದೆ. ಸ್ವಿಚ್ ಗ್ರಾಸನ್ನ ಮೇವಿಗೆ ಅಂತ ಬೆಳೆದು ಪ್ರತಿ ವರ್ಷ ಕೊಯ್ದು ಮಾರೋ ರೈತರು ಹಾಕ್ತಾರೆ, ಅವರೂ ಬಿತ್ತಿದ ವರ್ಷ ಸಾರಜನಕ ಹಾಕಲ್ಲ, ಹಾಕಿದ್ರೆ ಕಳೆಗೇ ಹೋಗತ್ತೆ ಅಂತ ಗೊತ್ತು. ಗಣಿ ತೋಡಿದ ಬರಡು ನೆಲದಲ್ಲಿ ಪರೀಕ್ಷೆ ಮಾಡಿಸಿ ರಂಜಕ ತೀರಾ ಇಲ್ಲ ಅಂದ್ರೆ ಸ್ವಲ್ಪ ಕೊಡ್ತಾರೆ. ನಿಮ್ಮ ಹಿತ್ತಲು ಇವೆರಡೂ ಅಲ್ಲ.

ಆಗಲೇ ಕೊಂಡು ಗ್ಯಾರೇಜಲ್ಲಿ ಇಟ್ಟಿರೋ ಕಾಂಪೋಸ್ಟ್ ಚೀಲ ಏನ್ಮಾಡೋದು ಅಂತ ಕೇಳೋರಿಗೆ: ಬದನೆ, ಮೆಣಸಿನಕಾಯಿ, ಟೊಮ್ಯಾಟೊ ಮಡಿಗೆ ಹಾಕಿ. ಕರಿಬೇವಿನ ಕುಂಡಕ್ಕೂ ಒಂದು ಹಿಡಿ, ಜೂನಲ್ಲಿ ಹೊರಗೆ ಇಟ್ಟಾಗ ಮಾತ್ರ.